ಪದ್ಮಪ್ರಸಾದರಿಗೆ ಎಲ್ಲಾ ಗೊತ್ತು

ಹಳೇಬೀಡಿನ ಪಾತ್ರೆ ಅಂಗಡಿ ಪದ್ಮಪ್ರಸಾದರಿಗೆ ‘ಗೊತ್ತಿಲ್ಲ’ ಎಂದು ಹೇಳಿ ಅಭ್ಯಾಸವೇ ಇರಲಿಲ್ಲ. ಬೇಲೂರಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೂ, ಕುಕ್ಕರು ಯಾಕೆ ಕೂಗುತ್ತಿಲ್ಲ ಎಂದು ಕೇಳಿದರೂ ಉತ್ತರ ತಕ್ಷಣ ಬರುತ್ತಿತ್ತು. ಅವರ ಮಾತು ನಂಬಿ ಬಸ್ಸು ತಪ್ಪಿಸಿಕೊಂಡವರು ಕೂಡ ಬೈಯುತ್ತಿದ್ದದ್ದು ಬಸ್ಸನ್ನೇ.

ಆ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಪಕ್ಕದ ಮನೆಯ ಚಂದ್ರಪ್ರಭ ಅವರನ್ನು ಬಸದಿಯ ಮುಂದೆ ಹಿಡಿದು ನಿಲ್ಲಿಸಿದ. “ಇವತ್ತಿನ ಸಂಕಲ್ಪ ಏನಿರಬಹುದು ಪದ್ಮಣ್ಣ?”

ಕೇಳುವುದಕ್ಕೆ ಕಾರಣವಿತ್ತು. ಬಸದಿಯಲ್ಲಿ ತಂಗಿದ್ದ ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು ಆಹಾರ ತೆಗೆದುಕೊಳ್ಳುವವರು. ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ಸಂಕಲ್ಪ ಮಾಡಿಕೊಳ್ಳುತ್ತಾರೆ. ಬಾಗಿಲಲ್ಲಿ ನಿಂತ ಗಂಡ ಹೆಂಡಿರ ಕೈಯಲ್ಲಿ ಇಂಥ ವಸ್ತು ಕಂಡರೆ ಮಾತ್ರ ಆ ಮನೆಯೊಳಗೆ ಕಾಲಿಡುವುದು. ಕಾಣದಿದ್ದರೆ ಆ ದಿನ ಉಪವಾಸ. ವಸ್ತು ಯಾವುದೆಂದು ಮೊದಲೇ ಯಾರಿಗೂ ಹೇಳುವುದಿಲ್ಲ. ಎರಡು ದಿನದಿಂದ ಬೀದಿಯವರೆಲ್ಲ ಕಳಶ, ತೆಂಗಿನಕಾಯಿ, ಬಾಳೆಹಣ್ಣು ಹಿಡಿದು ನಿಂತರೂ ಮುನಿಗಳು ಹಾಗೇ ಹಿಂತಿರುಗಿದ್ದರು. ನಾಳೆ ಬೆಳಗಾದರೆ ಮುಂದಿನ ಊರಿಗೆ ಹೊರಡುತ್ತಾರೆ. ಪದ್ಮಪ್ರಸಾದರ ಹೆಂಡತಿ ಜಿನಮತಿಗೆ ಒಮ್ಮೆಯಾದರೂ ಮುನಿಗಳಿಗೆ ಕೈಯಾರೆ ಆಹಾರ ಕೊಡಬೇಕೆಂದು ಹದಿನೆಂಟು ವರ್ಷದ ಆಸೆ. ಇವತ್ತು ತಪ್ಪಿದರೆ ಮತ್ತೆ ಯಾವ ಕಾಲಕ್ಕೋ.

‘ಗೊತ್ತಿಲ್ಲ’ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಯಾರೋ ಮೋಪೆಡ್ಡಿನ ಹಿಂದೆ ಎಳನೀರು ಗೊನೆ ಕಟ್ಟಿಕೊಂಡು ಬಸದಿಯ ಮುಂದೆ ಹಾದುಹೋದ.

“ಎಳನೀರು ಗೊನೆ,” ಅಂದುಬಿಟ್ಟರು ಪದ್ಮಪ್ರಸಾದರು. “ಒಂದೆರಡು ಕಾಯಲ್ಲ, ಇಡೀ ಗೊನೆ. ಯಾರಿಗೂ ಹೇಳ್ಬೇಡ ಕಣೋ.”

ಚಂದ್ರಪ್ರಭ ನಿಯತ್ತಿನ ಮನುಷ್ಯ. ಎಳನೀರಿನ ವಿಷಯ ಹೆಂಡತಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಆದರೆ ಹೂವಿನ ಲಕ್ಕಮ್ಮನ ಮುಂದೆ ಹಲ್ಲು ಕಿರಿದು, “ಸಂಕಲ್ಪದ ಗುಟ್ಟು ಸಿಕ್ಕಿದೆ ಲಕ್ಕಮ್ಮ!” ಎಂದ. ಗುಟ್ಟು ಸಿಕ್ಕಿದೆ ಎಂಬುದನ್ನು ಗುಟ್ಟಾಗಿಡಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಗುಟ್ಟು ಏನೆಂದು ಲಕ್ಕಮ್ಮನಿಗೆ ತಿಳಿಯದು. ಆದರೆ ಹೂವಿಲ್ಲದ ಗುಟ್ಟು ಇರಲು ಸಾಧ್ಯವೇ? “ಒಂದು ಮಾರು ಕಾಕಡ ಇರ್ಬೇಕಂತೆ,” ಎಂದು ಪಕ್ಕದ ಗಿಡ್ಡಯ್ಯನಿಗೆ ಹೇಳಿದಳು. ಗಿಡ್ಡಯ್ಯ ಕಬ್ಬಿನ ಹಾಲಿನ ಗಾಡಿಯವನು. ಅವನ ಬಾಯಿ ದಾಟುವ ಹೊತ್ತಿಗೆ ಕಾಕಡ ಒಂದು ಕಬ್ಬಿನ ಜಲ್ಲೆಗೆ ಸುತ್ತಿಕೊಂಡಿತ್ತು.

ಎಂಟೂವರೆಗೆ ಹಾಲಿನ ಬೋರಮ್ಮ ಜಿನಮತಿಯ ಹಿತ್ತಲ ಬಾಗಿಲಿಗೆ ಬಂದಳು. “ಅಮ್ಮಾರೇ, ಸಂಕಲ್ಪ ಗೊತ್ತಾಗೈತಂತೆ! ಕಬ್ಬಿನ ಜಲ್ಲೆ, ಅದಕ್ಕೆ ಒಂದು ಮಾರು ಕಾಕಡ ಸುತ್ತಿರ್ಬೇಕಂತೆ. ಬಸದಿ ತಾವಿಂದ್ಲೇ ಬಂದಿರೋ ಸುದ್ದಿ.” ಆಮೇಲೆ ಕ್ಯಾನಿನ ಮುಚ್ಚಳ ತೆಗೆಯುತ್ತ, “ಪಕ್ಕದಾಗೆ ಒಂದು ಚೊಂಬು ಹಾಲೂ ಇದ್ರೆ ಒಳ್ಳೇದಂತೆ,” ಎಂದು ಸೇರಿಸಿದಳು.

ಪದ್ಮಪ್ರಸಾದರಿಗೆ ನಗು ಬಂತು. “ಸುಳ್ಳು ಕಣೇ ಅದು.”

“ಸುಳ್ಳು ಅಂತ ನಿಮಗೆ ಹೇಗ್ರೀ ಗೊತ್ತು? ಆದಿನಾಥ ಸ್ವಾಮಿಗೆ ಮೊದಲ ಆಹಾರ ಕಬ್ಬಿನ ಹಾಲೇ ಅಲ್ವಾ? ಎಷ್ಟು ಸರಿಯಾಗಿದೆ ನೋಡಿ!”

ಸುದ್ದಿ ಹುಟ್ಟಿಸಿದವನು ನಾನೇ ಎಂದು ಹೇಳುವ ಧೈರ್ಯ ಅವರಿಗೆ ಬರಲಿಲ್ಲ. ಯೋಚಿಸುತ್ತ ಹೋದಂತೆ ಅನುಮಾನವೂ ಹತ್ತಿತು. ತಾನು ಹುಟ್ಟಿಸಿದ್ದು ಎಳನೀರು. ಇದು ಕಬ್ಬು. ಅಂದಮೇಲೆ ಇದು ಬೇರೆ ಎಲ್ಲಿಂದಲೋ ಬಂದದ್ದು. ಎಲ್ಲರೂ ತನ್ನ ಹಾಗೆ ಬಾಯಿಗೆ ಬಂದದ್ದು ಹೇಳುತ್ತಾರೆಯೇ? ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಬ್ಬಿನ ಗಾಡಿಗೆ ಓಡಿದರು.

“ಬೆಳಿಗ್ಗೆಯಿಂದ ಒಂದು ಲೋಟ ಹಾಲು ಹಿಂಡಿಲ್ಲ ಸ್ವಾಮಿ,” ಎಂದ ಗಿಡ್ಡಯ್ಯ. “ಜಲ್ಲೆ ಎಲ್ಲಾ ನಿಮ್ ಬೀದಿಗೇ ಹೋಯ್ತು. ಇದೊಂದು ಐತೆ.”

ಆ ಒಂದು ಆಗಲೇ ಯಂತ್ರದ ಬಾಯಿಗೆ ಸಿಕ್ಕಿತ್ತು. ಗಿಡ್ಡಯ್ಯ ಚಕ್ರವನ್ನು ಹಿಂದಕ್ಕೆ ತಿರುಗಿಸಿ ಎಳೆದುಕೊಟ್ಟ. “ತುದಿ ಚಪ್ಪಟೆ ಆಗಿದ್ರೇನಂತೆ, ಕಬ್ಬು ಕಬ್ಬೇ ಅಲ್ವರಾ?”

ಹತ್ತು ಗಂಟೆಗೆ ಬೀದಿ ಸಂಕ್ರಾಂತಿಯ ಸಂತೆಯ ಹಾಗಿತ್ತು. ಪ್ರತಿ ಬಾಗಿಲಲ್ಲೂ ಕಬ್ಬು, ಕಾಕಡ, ಚೊಂಬು ಹಾಲು. ಚಂದ್ರಪ್ರಭ ಒಬ್ಬ ಮಾತ್ರ ಎಳನೀರು ಗೊನೆಯನ್ನು ಹಟ ಹಿಡಿದ ಮಗುವಿನಂತೆ ಎದೆಗವಚಿಕೊಂಡು ಬೆವರುತ್ತಿದ್ದ. ಪಾಪ, ನನ್ನ ಮಾತು ನಂಬಿ ಕೆಟ್ಟ, ಎಂದುಕೊಂಡರು ಪದ್ಮಪ್ರಸಾದರು.

ಮುನಿಗಳು ಬಂದರು. ಒಂದೊಂದು ಬಾಗಿಲಲ್ಲೂ ಕ್ಷಣ ನೋಡಿ ಮುಂದೆ ನಡೆದರು. “ನಮೋಸ್ತು, ನಮೋಸ್ತು, ನಮೋಸ್ತು,” ಎಂದಳು ಜಿನಮತಿ. ಮುನಿಗಳು ಚಪ್ಪಟೆ ಕಬ್ಬನ್ನು ನೋಡಿದರು, ದಾಟಿದರು, ಪಕ್ಕದ ಮನೆಯ ಮುಂದೆ ನಿಂತರು. ಒಳಗೆ ಹೋದರು.

ಜಿನಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಹಾರ ಮುಗಿದ ಮೇಲೆ ಮುನಿಗಳೇ ನಸುನಕ್ಕು ಹೇಳಿದರಂತೆ: “ಬೆಳಿಗ್ಗೆ ಬಸದಿಯ ಬಾಗಿಲಲ್ಲಿ ನಿಂತಿದ್ದಾಗ ಗಾಡಿಯ ಮೇಲೆ ಒಂದು ಎಳನೀರು ಗೊನೆ ಹೋಯಿತು. ಅದನ್ನೇ ಸಂಕಲ್ಪ ಮಾಡಿಕೊಂಡೆವು.”

ಚಂದ್ರಪ್ರಭ ಬೀದಿಗೆ ಓಡಿ ಬಂದ. ಮೊದಲೇ ಹೇಳಿದಂತೆ, ನಿಯತ್ತಿನ ಮನುಷ್ಯ. ಎಲ್ಲರೆದುರು ಪದ್ಮಪ್ರಸಾದರ ಕೈ ಹಿಡಿದುಕೊಂಡು, “ಇದೆಲ್ಲ ಪದ್ಮಣ್ಣನ ಉಪಕಾರ!” ಎಂದು ಕೂಗಿದ. “ಏಳು ಗಂಟೆಗೇ ನನಗೆ ಹೇಳಿದ್ರು. ಒಂದೆರಡು ಕಾಯಲ್ಲ, ಇಡೀ ಗೊನೆ ಅಂತ್ಲೂ ಹೇಳಿದ್ರು!”

ಜಿನಮತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. “ನಿಮಗೆ ಮೊದಲೇ ಗೊತ್ತಿತ್ತಾ?”

ಗೊತ್ತಿತ್ತು ಎಂದರೆ ಹೆಂಡತಿಯ ಹದಿನೆಂಟು ವರ್ಷದ ಆಸೆಯನ್ನು ಪಕ್ಕದ ಮನೆಗೆ ಕೊಟ್ಟ ಹಾಗೆ. ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ ಎಂದರೆ ಮುನಿಗಳ ಸಂಕಲ್ಪದ ಮೇಲೇ ಸುಳ್ಳು ಹುಟ್ಟಿಸಿದ ಹಾಗೆ. ಬೀದಿಗೆ ಬೀದಿಯೇ ಕಬ್ಬು ಹಿಡಿದು ಅವರನ್ನೇ ನೋಡುತ್ತಿತ್ತು.

ಪದ್ಮಪ್ರಸಾದರು ತಮ್ಮ ಜೀವಮಾನದಲ್ಲೇ ಮೊದಲ ಸಲ ಆ ಮಾತು ಆಡಿದರು.

“ಗೊತ್ತಿರ್ಲಿಲ್ಲ ಕಣೇ.”

ಒಬ್ಬರೂ ನಂಬಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಜಿನಮತಿ ಬಡಿಸಿದಳು. ತಟ್ಟೆಯಲ್ಲಿ ಅನ್ನದ ಬದಲು ಗಿಡ್ಡಯ್ಯನ ಕಬ್ಬು ಗೇಣುದ್ದ ಗೇಣುದ್ದ ತುಂಡಾಗಿ ಬಿದ್ದಿತ್ತು, ಚಪ್ಪಟೆ ತುದಿ ಎಲ್ಲಕ್ಕಿಂತ ಮೇಲೆ.