ಹುಳು ಮನೇಲಿ ಬಿಳಿ ಗಿಟಾರು

ಒಂದ್ನಿಮಿಷ ಇರಿ, ಎಲ್ಲಿಗೂ ಎದ್ದು ಹೋಗ್ಬೇಡಿ, ಇದನ್ನ ಕೇಳ್ಕೊಂಡೇ ಹೋಗಿ. ನಮ್ಮ ಶಿಡ್ಲಘಟ್ಟದ ಕಡೆ ಯಾರ ಹತ್ರ ಜಾಸ್ತಿ ಎಲೆಕ್ಟ್ರಿಕ್ ಗಿಟಾರ್ ಇದೆ ಅಂತ ಕೇಳಿದ್ರೆ ಎಲ್ರೂ ನಮ್ಮ ಸೋದರಮಾವನ ಮನೆ ದಾರಿ ತೋರಿಸ್ತಾರೆ. ಅವನು ಬಾರಿಸಿದ್ದು ಯಾರಾದ್ರೂ ಕೇಳಿದ್ದೀರಾ ಅಂದ್ರೆ ಮಾತ್ರ ಆ ಎಲ್ರೂ ಬೇರೆ ಕಡೆ ನೋಡ್ತಾರೆ. ಯಾಕಂದ್ರೆ ನಮ್ಮ ಮಾವನಿಗೆ ಗಿಟಾರ್ ಬಾರಿಸೋಕೆ ಬರಲ್ಲ. ಬರಲ್ಲ ಅಂದ್ರೆ ಸುಮಾರಾಗಿ ಬರುತ್ತೆ ಅಂತಲ್ಲ. ಯಾವ ಕೈಲಿ ತಂತಿ ಒತ್ತಬೇಕು, ಯಾವ ಕೈಲಿ ಮೀಟಬೇಕು ಅನ್ನೋದೇ ಅವನಲ್ಲಿ ಇನ್ನೂ ತೀರ್ಮಾನ ಆಗಿಲ್ಲ!

ನನ್ನ ಕಥೆ ಉಲ್ಟಾ. ನನ್ನ ಹತ್ರ ಇರೋದು ಒಂದೇ ಗಿಟಾರು, ಅದೂ ಕತ್ತು ಸ್ವಲ್ಪ ಬಾಗಿರೋದು. ಚಿಕ್ಕಬಳ್ಳಾಪುರದ ನಮ್ಮ ಮನೆ ಮಹಡಿ ಮೇಲೆ ಕೂತ್ಕೊಂಡು, ಫೋನಲ್ಲಿ ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಬೆರಳು ತುದಿ ಸಿಪ್ಪೆ ಏಳೋವರೆಗೂ ನಾನೇ ಕಲ್ತಿದ್ದು. ಅಂದ್ರೆ ನಮ್ಮ ವಂಶದಲ್ಲಿ ಬಾರಿಸೋನ ಹತ್ರ ನೆಟ್ಟಗಿರೋ ಗಿಟಾರಿಲ್ಲ, ನೆಟ್ಟಗಿರೋ ಗಿಟಾರುಗಳ ಹತ್ರ ಬಾರಿಸೋನಿಲ್ಲ. ದೇವರು ಹಂಚೋವಾಗ ಕರೆಂಟ್ ಹೋಗಿತ್ತೇನೋ.

ಮಾವ ರೇಷ್ಮೆ ಹುಳು ಸಾಕ್ತಾನೆ. ಗೂಡಿಗೆ ಒಳ್ಳೆ ರೇಟು ಬಂದ್ರೆ ಊರಲ್ಲಿ ಬೇರೆಯೋರು ಬೈಕ್ ತಗೊತಾರೆ, ಬೋರು ಕೊರೆಸ್ತಾರೆ, ಮಗಳಿಗೆ ಓಲೆ ಮಾಡಿಸ್ತಾರೆ. ಇವನು ಗಿಟಾರ್ ತಗೊತಾನೆ. ಮದುವೆ ಆಗಿಲ್ಲ, ಕೇಳೋರಿಲ್ಲ. ಕೇಳೋರು ಅಂದ್ರೆ ನಮ್ಮ ಅಜ್ಜಿ, ಅವನ ತಾಯಿ. ಅಜ್ಜಿ ಕೇಳೋದು ಒಂದೇ ಪ್ರಶ್ನೆ: "ಏಮಿರಾ, ಹೋದ ಸರ್ತಿ ತಂದಿದ್ದು ಕೆಟ್ಟೋಯ್ತಾ?"

ಈಗ ಈ ಗಿಟಾರುಗಳನ್ನ ಎಲ್ಲಿಟ್ಟಿದ್ದ ಗೊತ್ತಾ? ಹುಳು ಮನೇಲಿ! ನಗ್ಬೇಡಿ, ಅದಕ್ಕೂ ಒಂದು ಲಾಜಿಕ್ ಇದೆ. ಗಿಟಾರಿನ ಮರಕ್ಕೆ ತೇವಾಂಶ ಏರುಪೇರಾದ್ರೆ ಆಗಲ್ಲ, ಬಿರುಕು ಬಿಡುತ್ತೆ ಅಂತ ಅವನು ಎಲ್ಲೋ ಓದಿದ. ಸುತ್ತ ನೋಡಿದ. ಇಡೀ ಮನೇಲಿ ಥರ್ಮಾಮೀಟರ್ ಇರೋದು, ತೇವ ಅಳೆಯೋ ಮೀಟರ್ ಇರೋದು, ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿರೋದು ಹುಳು ಮನೇಲಿ ಮಾತ್ರ. ಮನುಷ್ಯರಿಗಿಲ್ಲದ ಸವಲತ್ತು ಅಲ್ಲಿದೆ. ಒಂದು ಮೂಲೇಲಿ ಗಾಜಿನ ಬಾಗಿಲಿನ ಕೋಣೆ ಕಟ್ಟಿಸಿ ಗಿಟಾರುಗಳನ್ನೆಲ್ಲ ಅಲ್ಲಿಗೆ ಸಾಗಿಸಿದ. ಈ ಕಡೆ ತಟ್ಟೆಲಿ ಹುಳು ಸೊಪ್ಪು ತಿಂತಾ ಚರ ಚರ ಅಂತಿರ್ತವೆ, ಆ ಕಡೆ ಗಿಟಾರುಗಳು ಮಾತಾಡದೆ ನಿಂತಿರ್ತವೆ. ಶಬ್ದ ಮಾಡೋದು ಹುಳು!

ಒಳಗೆ ಹೋಗಬೇಕಾದ್ರೆ ಹುಳು ಮನೆ ರೂಲ್ಸೇ. ಚಪ್ಪಲಿ ಆಚೆ, ಬ್ಲೀಚಿಂಗ್ ಪೌಡರ್ ನೀರಲ್ಲಿ ಕಾಲು ಅದ್ದಬೇಕು, ಸೋಪಲ್ಲಿ ಕೈ ತೊಳೀಬೇಕು. ಅಷ್ಟೆಲ್ಲ ಮಾಡಿ ಒಳಗೆ ಹೋಗಿ ನಾನು "ಮಾವ, ಒಂದ್ಸಲ ಆಂಪ್‌ಗೆ ಹಾಕಿ ಬಾರಿಸ್ಲಾ?" ಅಂದ್ರೆ, ಉತ್ತರ ರೆಡಿ ಇರ್ತಿತ್ತು.

"ಹುಳು ಜ್ವರದಲ್ಲಿವೆ ಕಣೋ."

ಗೊತ್ತಿಲ್ಲದೋರಿಗೆ ಹೇಳ್ತೀನಿ. ಹುಳು ಚರ್ಮ ಕಳಚೋಕೆ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ಕೊಂಡು, ಅಲ್ಲಾಡದೆ ಮಲಗ್ತವೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಒಂದು ಬೆಳೆಗೆ ನಾಲ್ಕು ಜ್ವರ. ಆಗ ಗಲಾಟೆ ಮಾಡಬಾರದು. ಸರಿ, ಒಪ್ಕೊಂಡೆ. ಆದ್ರೆ ನಾನು ಹೋದಾಗೆಲ್ಲ ಜ್ವರ ಹೆಂಗೆ ಬರುತ್ತೆ? ಒಂದ್ಸಲ ಹುಳು ಎಲ್ಲ ಹಣ್ಣಾಗಿ ಗೂಡು ಕಟ್ಟಿ ಮಾರ್ಕೆಟ್‌ಗೇ ಹೋಗ್ಬಿಟ್ಟಿದ್ವು, ತಟ್ಟೆ ಖಾಲಿ. ಆವತ್ತೂ ಕೇಳಿದೆ. ಮಾವ ಖಾಲಿ ತಟ್ಟೆ ಕಡೆ ನೋಡಿ, ಅಭ್ಯಾಸಬಲದಿಂದ "ಜ್ವರ" ಅಂದ.

ಇವನೊಬ್ಬನೇ ಹಿಂಗೆ ಅಂದ್ಕೊಂಡ್ರಾ? ಇವನ ಥರದೋರು ಇನ್ನೂ ಮೂರು ಜನ ಇದ್ದಾರೆ. ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ತೋಟದೋರು ಒಬ್ರು, ಗೌರಿಬಿದನೂರಲ್ಲಿ ಆಫೀಸಲ್ಲಿ ಕೆಲಸ ಮಾಡೋರು ಒಬ್ರು, ಚಿಂತಾಮಣೀಲಿ ಫರ್ನಿಚರ್ ಅಂಗಡಿ ಇಟ್ಟಿರೋ ಸಾಹೇಬ್ರು ಒಬ್ರು. ಒಬ್ರನ್ನೊಬ್ರು ಊರ ಹೆಸರಲ್ಲೇ ಕರೀತಾರೆ. "ಏನ್ ಚಿಂತಾಮಣಿ, ಹೊಸದೇನಾದ್ರೂ ಬಂತಾ?" ಅಂತ. ತಿಂಗಳಿಗೊಂದ್ಸಲ ಒಬ್ಬೊಬ್ಬರ ಮನೇಲಿ ಸೇರಿ ಗಿಟಾರ್ ನೋಡ್ತಾರೆ. ನೋಡ್ತಾರೆ ಅಷ್ಟೆ. ಬಾರಿಸೋದು ಅಲ್ಲಿ ಅಸಭ್ಯ.

ಅದು ಥೇಟ್ ಹೆಣ್ಣು ನೋಡೋ ಶಾಸ್ತ್ರ. ಮೊದಲು ಉಪ್ಪಿಟ್ಟು, ಕೇಸರಿಬಾತು. ಮಗನ ಮದುವೆಗೆ ಅಂತ ವರ್ಷಗಟ್ಟಲೆ ಕಾದಿದ್ದ ಅಜ್ಜಿ, ಆ ಕೇಸರಿಬಾತೆಲ್ಲ ಇಲ್ಲೇ ತೀರಿಸ್ತಿದ್ರು. ಆಮೇಲೆ ಒಳಗಿಂದ ಗಿಟಾರನ್ನ ಎರಡೂ ಕೈಲಿ ಎತ್ಕೊಂಡು ಬರೋದು. ಎಲ್ರೂ ಸುಮ್ನಾಗೋದು. ಚಿಂತಾಮಣಿ ಸಾಹೇಬ್ರು ಜೇಬಿಂದ ಸಣ್ಣ ಟಾರ್ಚ್ ತೆಗೆದು, ಕತ್ತಿಂದ ಬುಡದವರೆಗೂ ಬೆಳಕು ಬಿಟ್ಟು, ಎಲ್ಲಾದ್ರೂ ಗೀರು ಇದ್ಯಾ ಅಂತ ಹುಡುಕೋದು. ಇಲ್ದಿದ್ರೆ ಟಾರ್ಚ್ ಆರಿಸಿ ಒಂದೇ ಮಾತು, "ಮಿಂಟ್." ಅಂದ್ರೆ ನಿನ್ನೆ ಹುಟ್ಟಿದಂಗಿದೆ ಅಂತ. ಗೀರು ಸಿಕ್ತೋ, ಮುಗೀತು. ಚಿಕ್ಕಬಳ್ಳಾಪುರದೋರ ಹಸಿರು ಗಿಟಾರಲ್ಲಿ ಉಗುರಷ್ಟು ಗೀರು ಕಂಡಿದ್ದಕ್ಕೆ ಸಾಹೇಬ್ರು, "ಇದು ಗಿಟಾರಾ, ಪೆರೇಸಂದ್ರ ಬಸ್ಸಿನ ಸೀಟಾ?" ಅಂದ್ರು. ಆ ಮನುಷ್ಯ ಎರಡು ತಿಂಗಳು ಮೀಟಿಂಗಿಗೇ ಬರಲಿಲ್ಲ.

ನಮ್ಮ ಮಾವನ ಗಿಟಾರುಗಳಿಗೆ ಯಾವತ್ತೂ ಮಿಂಟ್ ಸಿಕ್ಕಿರಲಿಲ್ಲ. ಎಲ್ಲೋ ಒಂದು ಚುಕ್ಕೆ, ಎಲ್ಲೋ ಒಂದು ಕೂದಲೆಳೆ. ಅದೊಂದು ಮಾತು ಕೇಳ್ಬೇಕು ಅಂತಲೇ ಆ ಬಿಳಿ ಗಿಟಾರ್ ತರಿಸಿದ.

ಬಿಳಿ ಅಂದ್ರೆ ಒಳ್ಳೆ ತಳಿ ರೇಷ್ಮೆ ಗೂಡಿನ ಬಿಳಿ. ಮುಟ್ಟೋಕೆ ಮುಂಚೆ ಕೈಗೆ ಹತ್ತಿ ಗ್ಲೌಸ್ ಹಾಕ್ತಿದ್ದ. ಮುಂದುಗಡೆ ತಂತಿ ಕೆಳಗಿನ ಪ್ಲೇಟಿಗಷ್ಟೇ ಕಂಪನಿಯೋರು ಅಂಟಿಸಿ ಕಳಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯನ್ನೂ ಕಿತ್ತಿರಲಿಲ್ಲ. ಅಜ್ಜಿಗೆ ಮಾತ್ರ ಅದು ವಿಚಿತ್ರ ಅನ್ಸಲಿಲ್ಲ. "ನಮ್ಮ ರಿಮೋಟು ಹಂಗೇ ಕವರ್‌ನಾಗೇ ಐತಲ್ಲ" ಅಂದ್ರು. ಆಯುಧ ಪೂಜೆ ಆದ ಮೇಲಿನ ಭಾನುವಾರ ಮೀಟಿಂಗ್ ನಮ್ಮ ಮಾವನ ಮನೇಲಿ. ಬಿಳಿದು ಆವತ್ತು ಹೊರಗೆ ಬರುತ್ತೆ ಅಂತ ಮೂವರಿಗೂ ಫೋನ್ ಮಾಡಿ ಹೇಳಿದ್ದ. ಆ ವಾರ ಪೂರ್ತಿ ಅವನು ನಡೀತಿದ್ದ ಸ್ಟೈಲೇ ಬೇರೆ.

ಆಯುಧ ಪೂಜೆ ದಿನ ಬೆಳಿಗ್ಗೆ, ಹಬ್ಬದ ರಜೆಗೆ ಬಂದಿದ್ದ ನಾನೂ ಅವನೂ ಬೂದುಗುಂಬಳ, ಬಾಳೆಕಂದು ತರೋಕೆ ಬಸ್ಸಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿದ್ವಿ. ವಾಪಸ್ ಬರೋವಷ್ಟ್ರಲ್ಲಿ ಮಧ್ಯಾಹ್ನ. ಅಜ್ಜಿ ಅಷ್ಟೊತ್ತಿಗೆ ಸ್ನಾನ ಮಾಡಿ ತಟ್ಟೆ ಹಿಡ್ಕೊಂಡು ಎಲ್ಲಾ ಮುಗಿಸ್ಬಿಟ್ಟಿದ್ರು. ಬೈಕಿಗೆ ಬೊಟ್ಟು, ಮೋಟರ್ ಸ್ಟಾರ್ಟರ್‌ಗೆ ಬೊಟ್ಟು, ಸೊಪ್ಪು ಕತ್ತರಿಸೋ ಮಿಷಿನ್ನಿಗೆ, ಔಷಧಿ ಹೊಡೆಯೋ ಪಂಪಿಗೆ, ಮಿಕ್ಸಿಗೆ, ಗ್ರೈಂಡರಿಗೆ. ನೀರಲ್ಲಿ ಕಲೆಸಿದ್ರೆ ಕಬ್ಬಿಣದ ಮೇಲೆ ಕುಂಕುಮ ನಿಲ್ಲಲ್ಲ, ಉದುರೋಗುತ್ತೆ ಅಂತ ಹರಳೆಣ್ಣೇಲಿ ಕಲೆಸಿದ್ರು. ಅದು ಅಜ್ಜಿಯ ಸ್ವಂತ ಟೆಕ್ನಿಕ್ಕು.

ಮಾವ ಕಾಲು ಅದ್ದಿ ಒಳಗೆ ಹೋದ. ಹೋದೋನು ಆಚೆ ಬರಲೇ ಇಲ್ಲ. ಏನಾಯ್ತು ಅಂತ ನಾನೂ ಹೋದೆ. ಗಾಜಿನ ಕೋಣೇಲಿ ಎಲ್ಲಾ ಗಿಟಾರುಗಳೂ ಸೇವಂತಿಗೆ ಮುಡ್ಕೊಂಡು ಸಾಲಾಗಿ ನಿಂತಿದ್ವು, ಫೋಟೋ ಹೊಡೆಸ್ಕೊಳೋಕೆ ನಿಂತಂಗೆ. ಬೇರೆಯವಕ್ಕೆಲ್ಲ ಬೊಟ್ಟು ತಲೇಲಿರೋ ಕಬ್ಬಿಣದ ಮೇಲಿತ್ತು, ಒರೆಸಿದ್ರೆ ಹೋಗೋದು. ಬಿಳಿ ಗಿಟಾರಿನ ಮೈ ಮೇಲೆ, ಬಲ ತೋಳು ಒರಗೋ ಜಾಗದಲ್ಲಿ, ಅಜ್ಜಿ ಉಂಗುರದ ಬೆರಳು ಹಂಗೇ ಕೂತಿತ್ತು. ಕೆಂಪಗೆ. ಗೆರೆ ಗೆರೆ ಸಮೇತ.

ಮಾವ ಗ್ಲೌಸ್ ಹಾಕೋದನ್ನೂ ಮರೆತು ಒರೆಸಿದ. ಎಣ್ಣೆ ಹೋಯ್ತು. ಬಣ್ಣ ಹೋಗಲಿಲ್ಲ.

ಅಜ್ಜಿ ಬಂದ್ರು, ಅವನ ಮುಖ ನೋಡಿದ್ರು. ಅವನು ಅದಕ್ಕೆ ಯಾಕೆ ಇಟ್ಟೆ ಅಂತ ಮೆಲ್ಲಗೆ ಕೇಳಿದ.

"ಕರೆಂಟಲ್ಲಿ ಓಡಲ್ವಾ ಅದು?"

"ಓಡುತ್ತೆ."

"ಮತ್ತೆ ಮಿಷಿನ್ನೇ ಅಲ್ವೇನಪ್ಪಾ. ಮಿಕ್ಸಿಗೇ ಇಟ್ಟಿದೀನಿ, ಇದೇನು ಪಾಪ ಮಾಡಿತ್ತು?"

ಇದಕ್ಕೆ ನೀವೇನು ಉತ್ತರ ಕೊಡ್ತಿದ್ರಿ? ಮಾವ ಆವತ್ತು ಊಟ ಮಾಡಲಿಲ್ಲ ಅಷ್ಟೆ.

ಮಗ ಉಪವಾಸ ಇದ್ದಿದ್ದು ನೋಡಿ ಅಜ್ಜಿಗೆ ತಡೀಲಿಲ್ಲ. ಮಾರನೇ ದಿನ ಅವನು ತೋಟಕ್ಕೆ ಹೋದಾಗ ಹುಣಸೆಹಣ್ಣು ತಗೊಂಡು ಒಳಗೆ ಹೋಗಿ ಗಿಟಾರಿನ ಕಬ್ಬಿಣದ ಭಾಗನೆಲ್ಲ ಹಿತ್ತಾಳೆ ಚೊಂಬು ಉಜ್ಜಿದಂಗೆ ಉಜ್ಜಿದ್ರು. ಫಳ ಫಳ ಅಂತಿತ್ತು, ಹುಣಸೆ ನಾರು ತಂತಿ ಸಂದೀಲಿ ಸಿಕ್ಕಾಕೊಂಡಿತ್ತು. ಬೊಟ್ಟು ಮಾತ್ರ ಹಂಗೇ ಇತ್ತು. ಇದನ್ನೂ ಉಜ್ಜಬೇಕಿತ್ತಲ್ಲ ಅಜ್ಜಿ ಅಂತ ನಾನು ಕೇಳಿದ್ದಕ್ಕೆ, ನಾನು ಇಟ್ಟ ಕುಂಕುಮ ನನ್ನ ಕೈಯಾರೆ ಅಳಿಸ್ತೀನಾ, ಅದು ಆಗಲ್ಲ ಅಂದ್ರು. "ಬೇಕಾದ್ರೆ ನೀವು ಮಾಡ್ಕೊಳಿ, ನಾನು ಇಲ್ಲದಾಗ."

ಭಾನುವಾರ ಮೂವರೂ ಬಂದ್ರು. ಕಾಲು ಅದ್ದಿದ್ರು, ಕೇಸರಿಬಾತು ತಿಂದ್ರು. ಮಾವ ಬಿಳಿ ಗಿಟಾರ್ ತಂದ, ಮೇಲೆ ಜರಿ ಶಲ್ಯ ಹೊದಿಸಿದ್ದ, ಸರಿಯಾಗಿ ಆ ಬೊಟ್ಟಿನ ಮೇಲೆ. ಸಾಹೇಬ್ರು ಟಾರ್ಚ್ ಹಿಡ್ಕೊಂಡು ಬುಡದಿಂದ ಮೇಲಕ್ಕೆ ಬಂದ್ರು. ಒಂದು ಗೀರಿಲ್ಲ. ಶಲ್ಯದ ಹತ್ರ ನಿಂತ್ರು.

"ಹುಡುಗಿ ಮುಸುಕು ತೆಗೀರಿ, ಮುಖ ನೋಡಣ."

ಮಾವ ತೆಗೀಲಿಲ್ಲ. ಗೌರಿಬಿದನೂರಿನೋರೇ ಎಳೆದ್ರು. ಎಲ್ರೂ ಬಗ್ಗಿ ನೋಡಿದ್ರು. ಹಸಿರು ಗಿಟಾರಿನ ಚಿಕ್ಕಬಳ್ಳಾಪುರದೋರ ಮುಖದಲ್ಲಿ ಒಂದು ನಗು ಶುರುವಾಯ್ತು ನೋಡಿ, ಅಷ್ಟು ದಿನದ್ದೆಲ್ಲ ಕೂಡಿಟ್ಟಿದ್ದ ನಗು. ಅಷ್ಟ್ರಲ್ಲಿ ಕಾಫಿ ತಟ್ಟೆ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದ ಅಜ್ಜಿ, "ಅದು ನಾನು ಇಟ್ಟಿದ್ದು ಕಣ್ರಪ್ಪಾ. ಅವನಿಗೆ ಏನೂ ಅನ್ಬೇಡಿ" ಅಂದ್ರು.

ಚಿಕ್ಕಬಳ್ಳಾಪುರದೋರು ಆ ನಗು ನುಂಗ್ಕೊಂಡ್ರು. ಸಾಹೇಬ್ರು ಟಾರ್ಚ್ ಆರಿಸಿ ಜೇಬಿಗೆ ಹಾಕ್ಕೊಂಡು ಕಾಫಿ ತಗೊಂಡ್ರು. ಮಿಂಟ್ ಅನ್ನಲಿಲ್ಲ. ಮಾವ ಆ ಮಾತಿಗೆ ಎಷ್ಟು ಕಾದಿದ್ದ ಅಂತ ನನಗೆ ಗೊತ್ತಿತ್ತು, ಅದಕ್ಕೇ ಅವನ ಕಡೆ ನೋಡಲಿಲ್ಲ.

ಬೆಂಗಳೂರಲ್ಲಿ ಒಬ್ರು ಪಾಲಿಶ್ ಮಾಡೋರಿದ್ದಾರೆ, ಉಜ್ಜಿ ಮೇಲೊಂದು ಕೋಟ್ ಹೊಡೆದ್ರೆ ಗುರುತೇ ಸಿಗಲ್ಲ ಅಂತ ವಿಚಾರ ಮಾಡ್ಕೊಂಡ. ಈ ಬೆಳೆ ಮುಗೀಲಿ ಹೋಗ್ತೀನಿ ಅಂದ. ಬೆಳೆ ಮುಗೀತು, ಇನ್ನೊಂದು ಬೆಳೆ ಬಂತು. ಆಮೇಲೆ ಮೊದಲನೇ ಜ್ವರ ಅಂದ, ಎರಡನೇ ಜ್ವರ ಅಂದ. ಅಜ್ಜಿ ಮಾತ್ರ ನಾನು ಹೋದಾಗೆಲ್ಲ ಕಿವೀಲಿ ಕೇಳೋರು, "ಹೋಯ್ತಾ ಅದು?" ಇನ್ನೂ ಇಲ್ಲ ಅಜ್ಜಿ ಅಂದ್ರೆ, ಬೇಜಾರಾಗ್ತಿತ್ತೋ ಸಮಾಧಾನ ಆಗ್ತಿತ್ತೋ ಗೊತ್ತಿಲ್ಲ, ಒಳಗೆ ಹೋಗೋರು.

ಬೇಸಿಗೇಲಿ ಅಜ್ಜಿ ತೀರ್ಕೊಂಡ್ರು. ಅದರ ಬಗ್ಗೆ ಇಲ್ಲಿ ಜಾಸ್ತಿ ಬರೆಯಲ್ಲ, ಇದು ಗಿಟಾರಿನ ವಿಷಯ.

ಮಾತಾಡಿಸ್ಕೊಂಡು ಹೋಗೋಕೆ ಮೂವರೂ ಬಂದಿದ್ರು. ಎದ್ದು ಹೊರಡೋವಾಗ ಚಿಂತಾಮಣಿ ಸಾಹೇಬ್ರು, ಆ ಬಿಳಿದು ಒಂದ್ಸಲ ನೋಡ್ಬಹುದಾ ಅಂದ್ರು. ಕಾಲು ಅದ್ದಿ ಒಳಗೆ ಹೋದ್ರು. ಟಾರ್ಚ್ ತೆಗೆದ್ರು. ಬೇರೆಲ್ಲೂ ಬಿಡಲಿಲ್ಲ, ಆ ಬೊಟ್ಟಿನ ಮೇಲೆ ಮಾತ್ರ ಬೆಳಕು ಬಿಟ್ಟು, ಗೆರೆ ಗೆರೆ ನೋಡಿದ್ರು. ಆರಿಸಿದ್ರು.

"ಮಿಂಟ್," ಅಂದ್ರು. "ಪಾಲಿಶ್‌ನೋನ ಹತ್ರ ತಗೊಂಡೋಗ್ಬೇಡಿ."

ಆ ವರ್ಷ ಮನೇಲಿ ಹಬ್ಬ ಇಲ್ಲ. ಈ ಸಲ ಆಯುಧ ಪೂಜೆಗೆ ಮಾವನೇ ತಟ್ಟೆ ಹಿಡ್ಕೊಂಡ. ಹರಳೆಣ್ಣೇಲೇ ಕಲೆಸಿದ್ದ. ಬೈಕು, ಸ್ಟಾರ್ಟರು, ಪಂಪು, ಮಿಕ್ಸಿ. ಆಮೇಲೆ ಗಾಜಿನ ಕೋಣೆ. ಕೆಂಪು ಗಿಟಾರಿಗೆ, ಕರೀದಕ್ಕೆ, ನೀಲೀದಕ್ಕೆ, ಒಂದೊಂದಕ್ಕೂ ಮೈ ಮೇಲೇ ಬೊಟ್ಟಿಟ್ಟ, ಗ್ಲೌಸಿಲ್ಲ ಏನಿಲ್ಲ. ಬಿಳೀದರ ಮುಂದೆ ಬಂದು, ಹೂವು ಇಟ್ಟು, ಮುಂದಕ್ಕೆ ಹೋದ.

ಮಾವ, ಇದು ಬಿಟ್ಟೋಯ್ತು ಅಂದೆ.

"ಅದಕ್ಕೆ ಆಗ್ಲೇ ಇಟ್ಟಾಗಿದೆ."

ತಟ್ಟೆ ಕೆಳಗಿಟ್ಟು, ಪ್ಲಾಸ್ಟಿಕ್ ಹಾಳೆ ತುದಿ ಹಿಡಿದು ಸರ್ರಂತ ಕಿತ್ತ. ಗಿಟಾರ್ ಎತ್ತಿ ನನ್ನ ಕೈಗೆ ಕೊಟ್ಟ, ಬಾರ್ಸು ಅಂದ. ನನಗೆ ಬಾಯಿಗೆ ಬಂದಿದ್ದು ಒಂದೇ ಮಾತು, ಹುಳು ಜ್ವರದಲ್ಲಿವೆ ಅಂತ. ಆವತ್ತು ನಿಜವಾಗ್ಲೂ ಜ್ವರದಲ್ಲಿದ್ವು, ಎಲ್ಲಾ ತಲೆ ಎತ್ಕೊಂಡು ಮಲಗಿದ್ವು.

"ಮೆಲ್ಲಗೆ ಬಾರ್ಸು," ಅಂದ. ಆಮೇಲೆ ನನ್ನ ತೋಳು ಹಿಡಿದು ಸ್ವಲ್ಪ ಮೇಲಕ್ಕೆ ಎತ್ತಿದ. "ಅಲ್ಲಿ ಒರಗಿಸ್ಬೇಡ. ಉಜ್ಜೋಗುತ್ತೆ."

ಬಲ ಮೊಣಕೈ ಗಾಳೀಲಿ ಎತ್ಕೊಂಡು, ರೆಕ್ಕೆ ಮುರಿದ ಕೋಳಿ ಥರ ನಿಂತ್ಕೊಂಡು ಬಾರಿಸಿದೆ. ತಾಳ ತಪ್ತು, ಎರಡು ಕಡೆ ತಂತಿಯೂ ತಪ್ತು. ಮಾವ ಹುಳು ತಟ್ಟೆಯಿಂದ ಕಣ್ಣೆತ್ತಲಿಲ್ಲ. ಈಗ ನಮ್ಮ ಮನೆ ಮಹಡಿ ಮೇಲೆ ನನ್ನ ಕತ್ತು ಬಾಗಿರೋ ಗಿಟಾರ್ ಬಾರಿಸೋವಾಗ್ಲೂ ಆ ಮೊಣಕೈ ತಾನಾಗೇ ಮೇಲೆ ಹೋಗುತ್ತೆ. ಏನ್ ಸ್ಟೈಲೋ ಇದು ಅಂತ ಫ್ರೆಂಡ್ಸ್ ಕೇಳ್ತಾರೆ. ನಾನು ಹೇಳಲ್ಲ.

ನಿಮ್ಮ ಮನೇಲೂ ಇರುತ್ತೆ ಅಲ್ವಾ, ಯಾರದೋ ಕೈ ತಾಗಿ ಕೆಟ್ಟೋಗಿರೋದು, ರಿಪೇರಿಗೆ ಕೊಡೋಕೆ ಮನಸ್ಸು ಬರದೇ ಇರೋದು? ಏನದು, ಯಾರ ಕೈ ಅದು, ನೀವೂ ಒಂದೆರಡು ಸಾಲು ಬರೆದು ತಿಳಿಸಿ. ಮಾವನಿಗೂ ಓದಿ ಹೇಳ್ತೀನಿ.