ಕಾಫಿ ಬಿಟ್ಟವನು ಕಾಸಿದ ಕಾಫಿ

ದೇವರ ಮಾತು ಕೇಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕಷ್ಟ ಶುರುವಾಗುವುದು ನಾವು ದೇವರ ಮಾತು ಕೇಳುತ್ತಿದ್ದೇವೆಂದು ಮನೆಯವರಿಗೆಲ್ಲ ಗೊತ್ತಾದ ಮೇಲೆ. ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳದೆ ಕೇಳುತ್ತಿದ್ದಷ್ಟು ದಿನ ನಾನು ಸುಖವಾಗಿದ್ದೆ. ಶ್ರೀಮಂಗಲದ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರು, ಅಂದರೆ ಹಾಜರಿ, ಲೆಕ್ಕ ಬರೆಯುವವನು. ಬೆಳಗ್ಗೆ ಎದ್ದು ಮುಖ ತೊಳೆದು, ಕಿಟಕಿಯ ಬಳಿ ಕೂತು ನನ್ನ ಗ್ರಂಥದ ಒಂದು ಪುಟ ಓದಿ, ಕಣ್ಣು ಮುಚ್ಚಿ ಒಂದಿಷ್ಟು ಯೋಚಿಸಿ, ಆಮೇಲೆ ಆಳುಗಳ ಹಾಜರಿಗೆ ಹೋಗುತ್ತಿದ್ದೆ. ದೇವರಿಗೂ ನನಗೂ ನಡುವೆ ಯಾವ ತಕರಾರೂ ಇರಲಿಲ್ಲ.

ಗ್ರಂಥವೆಂದರೆ ನೀವು ಅಂದುಕೊಂಡದ್ದಲ್ಲ. ಯುದ್ಧದ ಕಾಲದಲ್ಲಿ ನಾನು ಅಸ್ಸಾಮಿನ ಮಿಲಿಟರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಅಲ್ಲಿದ್ದ ಒಬ್ಬ ಅಮೆರಿಕದ ಸಾರ್ಜೆಂಟ್ ಮಾರ್ಮನ್ ಎಂಬ ಕ್ರೈಸ್ತ ಪಂಥದವನು. ಬಾಂಬು ಬೀಳುತ್ತಿದ್ದರೂ ಬೆಳಗಿನ ಪುಟ ಓದದೆ ಏಳುತ್ತಿರಲಿಲ್ಲ. ಅವನ ಮುಖದಲ್ಲಿದ್ದ ನೆಮ್ಮದಿ ಕಂಡು ನನಗೆ ಆಸೆಯಾಯಿತು. ಊರಿಗೆ ಹೊರಡುವಾಗ ತನ್ನ ಗ್ರಂಥವನ್ನೇ ನನ್ನ ಕೈಗಿಟ್ಟು, "ದಿನಾ ಒಂದು ಪುಟ. ಜೊತೆಗೆ ಹೆಂಡ, ಹೊಗೆಸೊಪ್ಪು, ಚಹಾ, ಕಾಫಿ ಬೇಡ" ಎಂದ. ಸರಿ ಎಂದು ಮಾತು ಕೊಟ್ಟೆ. ಆಗ ನನ್ನ ಸುತ್ತ ಇದ್ದದ್ದು ಚಹಾ ತೋಟ. ಅದನ್ನು ಬಿಟ್ಟು ಬಂದು ಕೆಲಸಕ್ಕೆ ಸೇರಿದ್ದು ಕಾಫಿ ತೋಟಕ್ಕೆ. ದೇವರು ನನ್ನನ್ನು ಪರೀಕ್ಷಿಸುವುದಾದರೆ ಅನುಕೂಲವಾಗಲಿ ಎಂದು ನಾನೇ ಜಾಗ ಹುಡುಕಿಕೊಂಡು ಬಂದ ಹಾಗಾಯಿತು.

ನಮ್ಮ ಕೊಡಗು ಪುಟ್ಟ ರಾಜ್ಯ. ಆ ಪುಟ್ಟ ರಾಜ್ಯದಲ್ಲಿ ಈ ಪಂಥದ ದಾರಿ ಹಿಡಿದವನು ನಾನೊಬ್ಬನೇ ಎಂದು ಕಾಣುತ್ತದೆ. ದೀಕ್ಷೆ ಕೊಡುವವರಿಲ್ಲ, ಸಭೆಯಿಲ್ಲ, ಅನುಮಾನ ಬಂದರೆ ಕೇಳಲು ಹಿರಿಯರಿಲ್ಲ. ಅನುಮಾನಗಳಿಗೇನೋ ಬರವಿರಲಿಲ್ಲ. ಗ್ರಂಥದಲ್ಲಿ ನಂಬಿಕೆಯನ್ನು ಬೀಜಕ್ಕೆ ಹೋಲಿಸಿದ್ದಾರೆ: ಬಿತ್ತು, ಕಾಯಿ, ಚಿಗುರುವುದನ್ನು ನೋಡು. ನರ್ಸರಿಯಲ್ಲಿ ಕಾಫಿ ಬೀಜ ಮೊಳೆಯುವುದನ್ನು ಕಾದು ಕೂರುವ ನಮ್ಮಂಥವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಬಿತ್ತಿ, ನೀರೆರೆದು, ನೆರಳು ಕೊಟ್ಟು, ಹಣ್ಣು ಕೊಯ್ದು, ಒಣಗಿಸಿ, ಮೂಟೆ ಕಟ್ಟಿದ ಮೇಲೆ ನೀನು ಮಾತ್ರ ಮುಟ್ಟಬೇಡ ಎಂದರೆ ಹೇಗೆ? ಆ ಗ್ರಂಥದಲ್ಲಿ ದೇವರು ಹೇಳಿದ್ದನ್ನು ಗೊಣಗದೆ ಮಾಡುವವರು ಬರುತ್ತಾರೆ, ಗೊಣಗುವವರೂ ಬರುತ್ತಾರೆ. ನಾನು ಗೊಣಗಿಕೊಂಡೇ ಮಾಡುವ ಮೂರನೆಯ ಜಾತಿ.

ಹೀಗಿರುವಾಗ ಅತ್ತೆ ಬಂದರು. ನನ್ನ ಹೆಂಡತಿ ಸರೋಜ ಚೊಚ್ಚಲ ಬಸುರಿ. ತವರಿಗೆ ಹೋಗಬೇಕಾದವಳು, ಆದರೆ ಬಸ್ಸಿನ ಕುಲುಕಾಟ ಬೇಡವೇ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ಬಾಣಂತನಕ್ಕೆ ಅರಕಲಗೂಡಿನ ಕಡೆಯಿಂದ ಅವಳ ತಾಯಿ ಪುಟ್ಟಮ್ಮನವರೇ ಬರಬೇಕಾಯಿತು. ಆಳುಗಳ ಮನೆಗಳ ಲೈನಿನ ಸುತ್ತಮುತ್ತ ನಂಬಿಕಸ್ತ ಸೂಲಗಿತ್ತಿ ಇಲ್ಲ. ಆಸ್ಪತ್ರೆ ದೂರ. ಅತ್ತೆಯ ಕೈಯಲ್ಲಿ ಊರಿನ ಅರ್ಧ ಮಕ್ಕಳು ಹುಟ್ಟಿದ್ದಾರೆಂದು ಸರೋಜ ಹೇಳುತ್ತಿದ್ದಳು. ಅವರು ಬಾಗಿಲು ದಾಟಿ ಒಳಗೆ ಬಂದಾಗ ನಮ್ಮಿಬ್ಬರಿಗೂ ಜೀವ ಬಂದ ಹಾಗಾಯಿತು. ಅತ್ತೆ ಅಳಿಯನ ಎದುರು ನಿಂತು ಮಾತಾಡುವವರಲ್ಲ. ಬಾಗಿಲ ಮರೆಯಲ್ಲಿ ನಿಂತು, ಮಗಳಿಗೆ ಹೇಳುವಂತೆ ನನಗೆ ಹೇಳುವವರು. ಅವರಿಗೆ ಈ ಲೋಕದಲ್ಲಿ ಇದ್ದ ಚಟ ಒಂದೇ, ಬೆಳಗಿನ ಬೆಲ್ಲದ ಕಾಫಿ.

ಬಂದ ಮಾರನೆಯ ಬೆಳಗ್ಗೆ ಸರೋಜ ಮೂಗಿಗೆ ಸೆರಗು ಹಿಡಿದು ತಾಯಿಗೆ ಕಾಫಿ ಇಡಲು ಹೊರಟಳು. ಬಸುರಿಯಾದಾಗಿನಿಂದ ಅವಳಿಗೆ ಕಾಫಿಯ ವಾಸನೆ ಆಗುತ್ತಿರಲಿಲ್ಲ. "ಅಳಿಯಂದ್ರಿಗೆ?" ಎಂದು ಅತ್ತೆ ಕೇಳಿದರು. ಸರೋಜ ನನ್ನ ಗ್ರಂಥದ ಕಥೆ ಹೇಳಿಬಿಟ್ಟಳು. ಅತ್ತೆ ಗಾಬರಿಯಾಗಿ ಒಲೆಯ ಮೇಲಿಂದ ಪಾತ್ರೆ ಇಳಿಸಿದರು. "ಅಯ್ಯೋ, ಮನೆ ಯಜಮಾನ್ರು ವ್ರತ ಹಿಡಿದವ್ರೆ. ನಾನು ಅದೇ ಪದಾರ್ಥ ಒಲೆ ಮೇಲೆ ಇಡೋದಾ? ಹೊಟ್ಟೇಲಿ ಮಗ ಇರೋ ಮನೆ ಕಣವ್ವ ಇದು. ಬ್ಯಾಡ."

ನಾನು ವ್ರತ ಅಂದುಕೊಂಡೇ ಇರಲಿಲ್ಲ. ಆದರೆ ಯೋಚಿಸಿದರೆ ಅದು ವ್ರತವಲ್ಲದೆ ಮತ್ತೇನು? ಆ ದಿನ ಅತ್ತೆ ಬಿಸಿನೀರು ಕುಡಿದರು. ಮಾರನೆಯ ದಿನ ಹಣೆಗೆ ಬಟ್ಟೆ ಬಿಗಿದುಕೊಂಡರು. ಅದರ ಮಾರನೆಯ ದಿನ ಬೆಕ್ಕಿಗೆ ಬೈದರು, ಒಲೆಗೆ ಬೈದರು, ಸೌದೆಗೆ ಬೈದರು. ಅಳಿಯನಿಗೆ ಬೈಯುವಂತಿರಲಿಲ್ಲ, ಆದ್ದರಿಂದ ಸೌದೆಗೆ ಎರಡು ಪಾಲು ಬಿತ್ತು. ನಾನು ಬಾಗಿಲ ಈಚೆ ನಿಂತು ಸಮಾಧಾನ ಹೇಳಿದೆ. "ಅತ್ತೆ, ನಮ್ಮ ಗ್ರಂಥದಲ್ಲಿ ಬಲವಂತ ಅನ್ನೋದೇ ಇಲ್ಲ. ಯಾರಿಗೂ ಒತ್ತಾಯ ಮಾಡಬಾರದು, ಅವರವರ ಇಷ್ಟ ಅಂತಲೇ ಇದೆ. ನೀವು ಕುಡೀರಿ."

"ಹಂಗಾದ್ರೆ ಕುಡೀದೆ ಇರೋದು ನನ್ನಿಷ್ಟ ಅಂತ ಹೇಳವ್ವ ಸರೋಜ" ಎಂದು ಒಳಗಿನಿಂದ ಉತ್ತರ ಬಂತು. ಧರ್ಮಶಾಸ್ತ್ರದಲ್ಲಿ ನನ್ನನ್ನು ಇಷ್ಟು ಸಲೀಸಾಗಿ ಯಾರೂ ಸೋಲಿಸಿರಲಿಲ್ಲ.

ವಾರ ಕಳೆಯುವುದರೊಳಗೆ ಅತ್ತೆ ಸೀರೆಗಳನ್ನು ಗಂಟು ಕಟ್ಟಿದರು. ತಲೆನೋವಿನಲ್ಲಿ ಕಣ್ಣೇ ಬಿಡಲಾಗುತ್ತಿಲ್ಲ, ಇಂಥ ಸ್ಥಿತಿಯಲ್ಲಿ ಹೆರಿಗೆ ಮಾಡಿಸಿ ಏನಾದರೂ ಹೆಚ್ಚುಕಮ್ಮಿಯಾದರೆ ತಾನು ಬದುಕಿರಲಾರೆ, ಊರಿನಿಂದ ಸರೋಜಳ ಅತ್ತಿಗೆಯನ್ನು ಕಳಿಸುತ್ತೇನೆ ಎಂದರು. ಸರೋಜ ಗೋಡೆಗೆ ಒರಗಿ ಅಳತೊಡಗಿದಳು. "ರೀ, ಅಮ್ಮ ಹೋದ್ರೆ ನಾನು ಉಳಿಯಲ್ಲ. ನೀವೂ ನಿಮ್ಮ ಪುಸ್ತಕವೂ ಸುಖವಾಗಿರಿ" ಎಂದಳು. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಪುಸ್ತಕ ತೆರೆದೆ. ಆ ದಿನದ ಪುಟದಲ್ಲಿ ಯಾವುದೋ ಹಳೆಯ ಯುದ್ಧ ನಡೆಯುತ್ತಿತ್ತು. ಅತ್ತೆ, ಕಾಫಿ, ಬಾಣಂತನ ಯಾವುದರ ಸುದ್ದಿಯೂ ಇರಲಿಲ್ಲ. ಮುಚ್ಚಿಟ್ಟೆ.

ಮುಚ್ಚಿಟ್ಟ ಮೇಲೆ ಹೊಳೆಯಿತು. ನನ್ನ ತಾಯಿ ವ್ರತ ಹಿಡಿದ ದಿನಗಳಲ್ಲಿ ಅವಳು ಕೈಯಾರೆ ಕೊಟ್ಟದ್ದನ್ನು ಮನೆಯಲ್ಲಿ ಯಾರೂ ಬೇಡ ಎನ್ನುತ್ತಿರಲಿಲ್ಲ. ಜ್ವರದಲ್ಲಿ ಮಲಗಿದ್ದ ಅಪ್ಪನೂ ಎದ್ದು ಕೂತು ಕೈಯೊಡ್ಡುತ್ತಿದ್ದ. ಸರಿ, ನಾನೇ ಅಡುಗೆಮನೆಗೆ ನುಗ್ಗಿದೆ. ಹಿಂದೆಂದೂ ಕಾಫಿ ಮಾಡಿದವನಲ್ಲ. ಬೀಜ ಹುರಿದೆ, ಕುಟ್ಟಿದೆ, ಬೆಲ್ಲದ ನೀರಿಗೆ ಹಾಕಿ ಕುದಿಸಿದೆ, ಬಟ್ಟೆಯಲ್ಲಿ ಸೋಸಿದೆ. ವಾಸನೆ ನೋಡಬಾರದೆಂದು ಸಾರ್ಜೆಂಟ್ ಹೇಳಿರಲಿಲ್ಲವಲ್ಲ ಎಂದು ಒಂದು ಸಲ ಉಸಿರನ್ನು ಜೋರಾಗಿಯೇ ಎಳೆದುಕೊಂಡೆ. ಲೋಟ ಹಿಡಿದು ಬಾಗಿಲ ಬಳಿ ನಿಂತು, "ಅತ್ತೆ, ವ್ರತ ನನ್ನದು. ವ್ರತ ಹಿಡಿದವನೇ ಕೈಯಾರೆ ಕೊಡ್ತಿದ್ದೇನೆ. ಬೇಡ ಅನ್ನಬೇಡಿ" ಎಂದೆ.

ಬಾಗಿಲ ಮರೆಯಿಂದ ಹಸಿರು ಬಳೆಯ ಕೈಯೊಂದು ಹೊರಬಂದು ಲೋಟ ತೆಗೆದುಕೊಂಡಿತು. ಸುರ್ರೆಂದು ಒಂದು ಗುಟುಕು ಎಳೆದ ಸದ್ದು. ನನಗೆ ತಡೆಯಲಾಗಲಿಲ್ಲ. "ಹೇಗಿದೆ ಅತ್ತೆ?" ಎಂದೆ.

"ಪರಸಾದ ಹೆಂಗದೆ ಅಂತ ಕೇಳ್ಬಾರ್ದು ಅಳಿಯಂದ್ರೆ" ಎಂದರು. ಅವರು ನೇರವಾಗಿ ನನ್ನ ಜೊತೆ ಆಡಿದ ಮೊದಲ ಮಾತು ಅದು. ಸಂಜೆಯ ಹೊತ್ತಿಗೆ ಗಂಟು ಬಿಚ್ಚಿತ್ತು, ಹಣೆಯ ಬಟ್ಟೆಯೂ ಬಿಚ್ಚಿತ್ತು.

ಅಂದಿನಿಂದ ನನ್ನ ಕೈಯಿಂದಲೇ ಆಗಬೇಕೆಂದಾಯಿತು. ಬೆಳಗ್ಗೆ ಮೊದಲು ಕಾಫಿ, ಆಮೇಲೆ ಗ್ರಂಥ. ರುಚಿ ನೋಡುವಂತಿಲ್ಲ, ಹಿಂತಿರುಗಿ ಬರುವ ಲೋಟವನ್ನು ನೋಡಿಯೇ ತಿಳಿಯಬೇಕು. ಲೋಟ ದಿನಾ ಖಾಲಿಯಾಗಿ ಬರುತ್ತಿತ್ತು. ಕಾಣದ್ದನ್ನು ನಂಬುವುದು ಎಂದರೆ ಇದೇ ಅಲ್ಲವೇ ಎಂದು ಕಿಟಕಿಯ ಬಳಿ ಕೂತು ಬೀಗಿದೆ. ಕಾಫಿ ಮುಟ್ಟದೆಯೇ ಕಾಫಿಯಲ್ಲಿ ಪಳಗಿದವನು ಈ ರಾಜ್ಯದಲ್ಲಿ ನಾನೊಬ್ಬನೇ ಎಂದುಕೊಂಡೆ. ಹೆಣ್ಣುಮಗು ಸುಸೂತ್ರವಾಗಿ ಅಜ್ಜಿಯ ಕೈಯಲ್ಲೇ ಹುಟ್ಟಿತು. ಆ ಕೂಸನ್ನು ಮೊದಲ ಸಲ ಎತ್ತಿಕೊಂಡಾಗ ದೇವರಿಗೂ ಅತ್ತೆಗೂ ಸೇರಿಸಿಯೇ ಕೈಮುಗಿದೆ. ಬಾಣಂತನ ಮುಗಿಸಿ, ಕಣ್ಣೊರೆಸಿಕೊಂಡು ಅತ್ತೆ ಊರಿನ ಬಸ್ಸು ಹತ್ತಿದರು.

ಮಾರನೆಯ ಬೆಳಗ್ಗೆ ಸರೋಜ, "ರೀ, ನನಗೂ ಈಗ ಕಾಫಿ ಆಸೆಯಾಗ್ತಿದೆ. ಅಮ್ಮನಿಗೆ ಮಾಡ್ತಿದ್ರಲ್ಲ, ಹಾಗೇ ಮಾಡಿಕೊಡಿ" ಎಂದಳು. ಹೆಮ್ಮೆಯಿಂದ ಮಾಡಿಕೊಟ್ಟೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡವಳು ಅಂಗಳಕ್ಕೆ ಓಡಿ ಉಗಿದಳು.

"ಅಯ್ಯೋ, ಬೀಜಾನ ಇದ್ದಿಲಾಗೋ ಹಾಗೆ ಹುರಿದಿದ್ದೀರಲ್ರೀ! ಕಷಾಯಕ್ಕಿಂತ ಕಡೆ! ಇದನ್ನ ಅಮ್ಮ ಕುಡೀತಿದ್ರಾ?"

"ದಿನಾ. ಒಂದು ತೊಟ್ಟೂ ಬಿಡದೆ" ಎಂದೆ.

ಸರೋಜ ಲೋಟ ಹಿಡಿದುಕೊಂಡು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಮೊದಲು ನಕ್ಕಳು, ನಗುತ್ತ ನಗುತ್ತ ಅವಳ ಕಣ್ಣು ತುಂಬಿತು. ಕೆಟ್ಟದಾಗಿದೆ ಎಂದು ಅತ್ತೆ ಅಂದಿದ್ದರೆ ನಾನು ಕಾಫಿ ಮಾಡುವುದನ್ನೇ ಕೈಬಿಡುತ್ತಿದ್ದೆ. ನಾನು ಕೈಬಿಟ್ಟರೆ ಅವರು ಕುಡಿಯುವಂತಿರಲಿಲ್ಲ. ಕುಡಿಯದಿದ್ದರೆ ಮಗಳ ಬಳಿ ಉಳಿಯಲಾಗುತ್ತಿರಲಿಲ್ಲ. ಇಷ್ಟು ತಿಂಗಳು ನಾನು ಕಿಟಕಿಯ ಬಳಿ ಕೂತು ನಂಬಿಕೆಯ ವಿಷಯ, ವಿಧೇಯತೆಯ ವಿಷಯ ಓದುತ್ತಿದ್ದಾಗ, ಬಾಗಿಲ ಆಚೆ ಒಬ್ಬರು ತುಟಿಪಿಟಿಕ್ಕೆನ್ನದೆ ಅದನ್ನು ಗುಟುಕು ಗುಟುಕಾಗಿ ನುಂಗುತ್ತಿದ್ದರು. ನನಗೆ ನಾಚಿಕೆಯಾಯಿತು. ಅತ್ತೆಯ ಮೇಲೆ ಹಿಂದೆಂದೂ ಇಲ್ಲದ ಪ್ರೀತಿಯೂ ಬಂತು. ಜೊತೆಗೆ, ನಿಜ ಹೇಳಿಬಿಡುತ್ತೇನೆ, ನನ್ನ ಕಾಫಿಯನ್ನು ಕಷಾಯಕ್ಕಿಂತ ಕಡೆ ಎಂದದ್ದಕ್ಕೆ ಸ್ವಲ್ಪ ಸಿಟ್ಟೂ ಬಂತು.

ಮೊಮ್ಮಗಳನ್ನು ನೋಡಲು ಅತ್ತೆ ನಾಡಿದ್ದು ಮತ್ತೆ ಬರುತ್ತಿದ್ದಾರೆ. ಒಂದು ಲೋಟವಾದರೂ ಒಳ್ಳೆಯ ಕಾಫಿ ಕೊಟ್ಟು ಕಳಿಸಬೇಕೆಂದು ಸರೋಜಳಿಂದ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಅವಳು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಒಂದು ಗುಟುಕು ಕುಡಿದು, "ಊಹೂಂ, ಇನ್ನೊಂದ್ಸಲ" ಎನ್ನುತ್ತಾಳೆ. ನಾನು ಮತ್ತೆ ಬಾಣಲೆ ಇಡುತ್ತೇನೆ. ಇವತ್ತು ಬೆಳಗ್ಗೆ ಅವಳು ಅರ್ಧ ಲೋಟ ಕುಡಿದು, ಏನೂ ಹೇಳದೆ ಉಳಿದರ್ಧವನ್ನೂ ಕುಡಿದಳು. ಆ ಸಂತೋಷದಲ್ಲಿ ತೇಲಿಕೊಂಡೇ ಹಾಜರಿಗೆ ಹೋದೆ. ಅಸ್ಸಾಮಿನಿಂದ ಬಂದ ಮೇಲೆ ಮೊದಲ ಬಾರಿಗೆ ಗ್ರಂಥ ಓದುವುದನ್ನೇ ಮರೆತಿದ್ದೇನೆಂದು ನೆನಪಾದದ್ದು ಮಧ್ಯಾಹ್ನ ಊಟಕ್ಕೆ ಕೂತಾಗ. ದೇವರು ಬೇಸರ ಮಾಡಿಕೊಳ್ಳಲಾರನೆಂದು ನಂಬಿದ್ದೇನೆ. ನನಗೀಗ ಇರುವ ಭಯವೆಲ್ಲ ನಾಡಿದ್ದು ಅತ್ತೆಯ ಮುಖ ಹೇಗಿರುತ್ತದೋ ಎಂಬುದು.