ಕ್ರಮಸಂಖ್ಯೆ ಒಂದರ ವರ

ಮನುಷ್ಯ ತನ್ನ ಬಗ್ಗೆ ತಾನೇ ಬರೆದುಕೊಳ್ಳುವಾಗ ಎಷ್ಟು ಸುಳ್ಳು ಹೇಳುತ್ತಾನೆ ಎಂಬುದು ಆ ಬರಹ ಇನ್ನೊಬ್ಬರ ಕೈಗೆ ಸಿಗುವವರೆಗೂ ಅವನಿಗೇ ತಿಳಿಯುವುದಿಲ್ಲ. ನನಗೆ ತಿಳಿದದ್ದು ಐವತ್ತಮೂರನೆಯ ವಯಸ್ಸಿನಲ್ಲಿ, ಒಂದು ಭಾನುವಾರ ಬೆಳಿಗ್ಗೆ, ಮೈಮೇಲೆ ಬನಿಯನ್ನು, ಲುಂಗಿ ಮಾತ್ರ ಇದ್ದ ಹೊತ್ತಿನಲ್ಲಿ. ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ಹೆಸರು ತಿಪ್ಪೇಸ್ವಾಮಿ. ನಮ್ಮ ಕಡೆಯ ಯಾವ ಬಸ್ ಸ್ಟ್ಯಾಂಡಿನಲ್ಲಾದರೂ ನಿಂತು ಈ ಹೆಸರನ್ನು ಕೂಗಿ ನೋಡಿ, ಕಂಡಕ್ಟರನ್ನೂ ಸೇರಿಸಿ ನಾಲ್ಕು ಜನ ತಿರುಗಿ ನೋಡುತ್ತಾರೆ. ಹೀಗೆ ಮನೆಗೊಬ್ಬನಂತೆ ಇರುವ ಹೆಸರಾದ್ದರಿಂದಲೇ ಮುಂದೆ ನಡೆದದ್ದು ಯಾರಿಗೂ ಅನುಮಾನ ಬರದ ಹಾಗೆ ನಡೆದುಹೋಯಿತು.

ನಮ್ಮ ನೇಕಾರ ಸಮಾಜಕ್ಕೆ ಒಂದು ವಧೂವರರ ವೇದಿಕೆ ಇದೆ. ಅದರ ಹಿರಿಯರು ಮೊಳಕಾಲ್ಮೂರಿನ ನಾಗಲಿಂಗಪ್ಪನವರು. ರೇಷ್ಮೆ ಸೀರೆ ನೇಯ್ದು ನೇಯ್ದು ಬೆನ್ನು ಬಾಗಿದ್ದರೂ ಸಂಬಂಧ ಕೂಡಿಸುವ ಉತ್ಸಾಹ ಬಾಗಿಲ್ಲ. ತಾಲ್ಲೂಕಿನ ಗಂಡು ಹೆಣ್ಣುಗಳನ್ನೆಲ್ಲ ಅವರು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಸಮಾಜದ ಸಭೆಯೊಂದರಲ್ಲಿ ಮೈಕು ಕೈಗೆ ಸಿಕ್ಕ ಅಮಲಿನಲ್ಲಿ ನಾನು, "ಇನ್ನು ನೋಟ್‌ಬುಕ್ಕಿನ ಕಾಲ ಮುಗಿಯಿತು, ನಾನೊಂದು ವೆಬ್‌ಸೈಟ್ ಮಾಡಿಕೊಡುತ್ತೇನೆ" ಎಂದುಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಯ ಆಸೆಗೆ ಒಪ್ಪಿಕೊಂಡ ಕೆಲಸಗಳ ಪಟ್ಟಿಯೇ ನನ್ನ ಜೀವನ ಎಂದು ನನ್ನ ಹೆಂಡತಿ ಸರೋಜ ಆಗಾಗ ಹೇಳುತ್ತಾಳೆ. ಅಂತೂ ಎರಡು ತಿಂಗಳು ಕೂತು ಮಾಡಿ ಮುಗಿಸಿದೆ. ಹುಡುಗ ಹುಡುಗಿಯರು ಬಂದು ತಮ್ಮ ವಿವರ ತಾವೇ ತುಂಬತೊಡಗಿದರು. ನಾಗಲಿಂಗಪ್ಪನವರು ಮಾತ್ರ ಮೊಬೈಲನ್ನು ಕೈಯಳತೆ ದೂರ ಹಿಡಿದು ನೋಡಿ ಮುಖ ಹುಳ್ಳಗೆ ಮಾಡಿದರು.

"ಏನ್ ಮೇಷ್ಟ್ರೇ, ಹತ್ತು ಜನಾನ ತೋರ್ಸೋದು, ಮುಂದಕ್ಕೆ ಒತ್ತು ಅನ್ನೋದು. ಸೀರೆನ ಹಂಗೆ ತೋರ್ಸಿದ್ರೆ ಒಂದಾದ್ರೂ ಹೋಗ್ತೈತಾ? ಎಲ್ಲಾನೂ ಒಂದೇ ಸಲ ಬಿಚ್ಚಿ ಹಾಕ್ಬೇಕು. ಅದೂ ಅಲ್ದೆ ಕೈಗೆ ಕಾಗದ ಬರ್ಬೇಕ್ರಿ. ನಾಲ್ಕು ಮೂಲೆಗೆ ಅರಿಶಿನ ಹಚ್ಚದೆ ನಾನು ಇವತ್ತಿನ ತಂಕ ಒಬ್ಬರ ವಿವರಾನೂ ಯಾರ ಮನೆಗೂ ಕೊಟ್ಟಿಲ್ಲ. ಈ ಮೊಬೈಲಿಗೆ ಎಲ್ಲಿ ಹಚ್ಲಿ ಅರಿಶಿನ?"

ಹಾಗಾಗಿ ಪುಟದ ಮೇಲ್ಗಡೆ 'ಡೌನ್‌ಲೋಡ್' ಎಂಬ ಹಸಿರು ಗುಂಡಿ ಇಟ್ಟೆ. ಒತ್ತಿದರೆ ಒಳಗಿರುವ ವಿವರವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಹಾಳೆಯಂತೆ ಒಂದೇ ಫೈಲಾಗಿ ಇಳಿಯುತ್ತದೆ, ಪ್ರಿಂಟು ತೆಗೆದುಕೊಂಡರಾಯಿತು. ಮೊದಲ ಸಲ ಇಳಿಸಿದ ಪ್ರಿಂಟನ್ನು ಹಿಡಿದುಕೊಂಡು ನಾಗಲಿಂಗಪ್ಪನವರು ಮಾರನೆಯ ದಿನವೇ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಫೈಲಿನಲ್ಲಿ ಕನ್ನಡ ಅಕ್ಷರಗಳೆಲ್ಲ ಒಡೆದು ಸೊನ್ನೆ, ಕೊಕ್ಕೆ, ಬಾಲಗಳಾಗಿದ್ದವು. ಹತ್ತು ಅಂಕಿಯ ಫೋನ್ ನಂಬರುಗಳು ಕುಗ್ಗಿ ಎಲ್ಲರದೂ ಒಂದೇ ಥರ ಕಾಣುತ್ತಿದ್ದವು. "ಇದೇನ್ ಮೇಷ್ಟ್ರೇ, ಇಷ್ಟೂ ಗಂಡುಗಳಿಗೂ ಒಂದೇ ಫೋನಾ? ಎಲ್ಲಾ ಅಣ್ತಮ್ಮಂದಿರಾ?" ಎಂದು ಕೇಳಿದರು. ನಾಚಿಕೆಯಿಂದ ಕೂತು ಎರಡನ್ನೂ ಸರಿಮಾಡಿ, ಹೊಸ ಪ್ರಿಂಟು ತೆಗೆದುಕೊಟ್ಟೆ. ಸರೋಜ ಅರಿಶಿನದ ಬಟ್ಟಲು ತಂದಿಟ್ಟಳು. ಅವರು ಒಂದೊಂದು ಹಾಳೆಯ ನಾಲ್ಕೂ ಮೂಲೆಗೆ ಬೆರಳದ್ದಿ ಹಚ್ಚಿ, ಕಣ್ಣಿಗೊತ್ತಿಕೊಂಡು ತೆಗೆದುಕೊಂಡು ಹೋದರು. ನಾನು ಗೆದ್ದೆ ಅಂದುಕೊಂಡೆ.

ಈಗ ತಪ್ಪೊಪ್ಪಿಗೆ. ವೆಬ್‌ಸೈಟ್ ಕಟ್ಟುವಾಗ ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡಲು ಯಾರಾದರೊಬ್ಬರ ವಿವರ ತುಂಬಲೇಬೇಕಿತ್ತು. ಕಂಡವರ ಹೆಸರು ಯಾಕೆ ಎಂದು ನನ್ನನ್ನೇ ವರನನ್ನಾಗಿ ಮಾಡಿಕೊಂಡೆ. ವಯಸ್ಸು ಎಂದು ಕೇಳಿತು. ಇಪ್ಪತ್ತೆಂಟು ಎಂದೆ. ಎತ್ತರ ಕೇಳಿತು. ಐದಡಿ ಐದಿಂಚಿಗೆ ಇನ್ನು ಮೂರು ಸೇರಿಸಿದೆ. ಯಾರೂ ಅಡ್ಡಿ ಮಾಡದಿದ್ದರೆ ಮನುಷ್ಯ ಎಷ್ಟು ಬೇಗ ಬೆಳೆಯುತ್ತಾನೆ! ಅಡುಗೆ: ಚೆನ್ನಾಗಿ ಬರುತ್ತದೆ. ಹವ್ಯಾಸ: ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ನಡಿಗೆ. ಕೋಪ: ಇಲ್ಲವೇ ಇಲ್ಲ. ಕೊನೆಯಲ್ಲಿ 'ಹುಡುಗಿಯ ಬಗ್ಗೆ ನಿರೀಕ್ಷೆ' ಎಂಬ ಖಾಲಿ ಜಾಗವಿತ್ತು. ಅವತ್ತು ಬೆಳಿಗ್ಗೆ ಸರೋಜ ನಲ್ಲಿ ನೀರು, ಪಕ್ಕದ ಮನೆಯ ನಾಯಿ, ನನ್ನ ಸಕ್ಕರೆ ಕಾಯಿಲೆ ಮೂರನ್ನೂ ಒಂದೇ ಉಸಿರಿನಲ್ಲಿ ಮಾತಾಡಿದ್ದಳು. 'ಮಿತಭಾಷಿಯಾಗಿರಬೇಕು' ಎಂದು ಬರೆದೆ. ನನ್ನ ಫೋನ್ ನಂಬರು ವೇದಿಕೆಯ ಹೆಸರಿನಲ್ಲಿ ಆಗಲೇ ಸೇರಿದ್ದರಿಂದ ಇನ್ನೊಂದು ನಂಬರು ಕೇಳಿತು. ಸರೋಜಳದನ್ನು ಕೊಟ್ಟೆ.

ಕೆಲಸ ಮುಗಿದ ಮೇಲೆ ಆ ವರನನ್ನು ಅಳಿಸಿದ್ದೆ, ಆಣೆಗೂ ಅಳಿಸಿದ್ದೆ. ಆದರೆ ನಮ್ಮ ಕಸುಬಿನಲ್ಲಿ ಅಳಿಸುವುದೆಂದರೆ ಅಟ್ಟಕ್ಕೆ ಹಾಕುವುದು. ಮುಂದೆ ಬೇಕಾದೀತು ಎಂದು ವಿವರವನ್ನು ಎಸೆಯದೆ, 'ಇದನ್ನು ತೋರಿಸಬೇಡ' ಎಂದು ಗುರುತು ಹಾಕಿಡುತ್ತೇವೆ. ಸರೋಜ ಹಳೆಯ ಜಗಳಗಳನ್ನು ಇಡುವುದೂ ಹೀಗೆಯೇ. ಪರದೆಗೆ ನಾನು ಹೇಳಿದ್ದೆ, ಅಟ್ಟದ ಮೇಲಿನದನ್ನು ತೋರಿಸಬೇಡ ಎಂದು. ಆಮೇಲೆ ಇಟ್ಟ ಹಸಿರು ಗುಂಡಿಗೆ ಹೇಳುವುದನ್ನು ಮರೆತಿದ್ದೆ. ಅದು ಪಾಪ, ಒಳಗೆ ಇದ್ದಬದ್ದದ್ದನ್ನೆಲ್ಲ ಗುಡಿಸಿ ಫೈಲಿಗೆ ಹಾಕಿತ್ತು. ಮೊದಲು ಸೇರಿದವನಾದ್ದರಿಂದ ಕ್ರಮಸಂಖ್ಯೆ ಒಂದು ನಾನೇ.

ಆ ಭಾನುವಾರ ಮನೆಯಲ್ಲಿ ತುಪ್ಪದ ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಕಾರಣವಿಲ್ಲದೆ ಸರೋಜ ತುಪ್ಪಕ್ಕೆ ಕೈ ಹಾಕುವವಳಲ್ಲ ಎಂಬುದು ನನಗೆ ಹೊಳೆಯಬೇಕಿತ್ತು. ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಬಿಳಿ ಪಂಚೆಯ ಯಜಮಾನರೊಬ್ಬರು ನಿಂತಿದ್ದರು. ಕೈಯಲ್ಲಿ ಅರಿಶಿನ ಹಚ್ಚಿದ ಹಾಳೆ.

"ತಿಪ್ಪೇಸ್ವಾಮಿಯೋರ ಮನೆ ಇದೇ ಏನ್ರಿ? ನಾನು ಬಿ.ಜಿ. ಕೆರೆ ಈರಣ್ಣ. ಹುಡುಗ ಒಳಗವ್ನಾ?"

"ಯಾವ ಹುಡುಗ್ರಿ?"

ಅಡುಗೆಮನೆಯಿಂದ ಸರೋಜಳ ದನಿ ಬಂತು. "ಅವ್ರೇ ಕಣ್ರಿ ಹುಡುಗ. ಒಳಗೆ ಬಂದು ಚೆನ್ನಾಗಿ ನೋಡ್ರಿ."

ಈರಣ್ಣನವರು ಒಳಗೆ ಬಂದು ಕೂತು, ಕನ್ನಡಕ ಹಾಕಿಕೊಂಡು, ಹಾಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು.

"ಎತ್ತರ ಐದಡಿ ಎಂಟಿಂಚು ಅಂತ ಐತೆ. ಒಂದೀಟು ಎದ್ದು ನಿಂತ್ಕಳ್ರಿ."

"ನಿಂತೇ ಇದ್ದೀನ್ರಿ."

"ಹೌದಾ?" ಎಂದು ಅವರು ಮುಂದಿನ ಸಾಲಿಗೆ ಹೋದರು. "ಅಡುಗೆ ಬರ್ತೈತಂತೆ. ಈ ಉಪ್ಪಿಟ್ಟು ನೀವೇ ಮಾಡಿದ್ದಾ?"

ಅಷ್ಟರಲ್ಲಿ ತಟ್ಟೆ ತಂದ ಸರೋಜಳಿಗೆ ನಗು ತಡೆಯಲಾಗಲಿಲ್ಲ, ಈರಣ್ಣನವರೂ ಹೆಗಲ ಮೇಲಿನ ಟವಲಿನಿಂದ ಬಾಯಿ ಮುಚ್ಚಿಕೊಂಡರು. ಅವರು ಶುಕ್ರವಾರವೇ ಸರೋಜಳ ನಂಬರಿಗೆ ಫೋನು ಮಾಡಿ, ಹುಡುಗನ ವಿವರವನ್ನೆಲ್ಲ, ಜೊತೆಗೆ ಬಂದ ಬೇರೆ ಗಂಡುಗಳ ಹೆಸರನ್ನೂ ಓದಿ ಹೇಳಿದ್ದರಂತೆ. ಇವಳು ನಿಜಸಂಗತಿ ತಿಳಿಸಿ, "ನಿಮ್ಮ ಹುಡುಗಿಗೆ ಏಳನೇ ನಂಬರಿನೋನು ಸರಿಯಾಗ್ತಾನೆ, ಅವರವ್ವ ನಂಗೆ ಗೊತ್ತು. ಬನ್ರಿ ಮಾತಾಡಾಣ. ಹಂಗೇ ನಮ್ಮನೆ ಗಂಡನ್ನೂ ಒಂದು ಸಲ ನೋಡ್ಕಂಡು ಹೋಗ್ರಿ" ಎಂದು ಕರೆದಿದ್ದಳು. ವಿಷಯ ಸಂಜೆಯೊಳಗೆ ಮೊಳಕಾಲ್ಮೂರು ಮುಟ್ಟಿತು. ನಾಗಲಿಂಗಪ್ಪನವರು ಫೋನಿನಲ್ಲಿ ಬೈಯಲಿಲ್ಲ. "ನನ್ನ ನೋಟ್‌ಬುಕ್ಕಲ್ಲಿ ಗೀಟು ಹಾಕಿದ್ರೆ ಹಾಕ್ದಂಗೇ ಮೇಷ್ಟ್ರೇ" ಎಂದಷ್ಟೇ ಹೇಳಿದರು. ಬೈದಿದ್ದರೇ ವಾಸಿಯಿತ್ತು.

ಈರಣ್ಣನವರು ಆ ಹಾಳೆಯನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದರು. ಸರೋಜ ಅದನ್ನು ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದಳು. ಅರಿಶಿನ ಹಚ್ಚಿದ ಕಾಗದವನ್ನು ಹರಿಯುವ ಧೈರ್ಯ ನನಗಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ, ಒಂದೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಕೇಳಿದೆ. ಅವಳು ಬಾಯಿ ತೆರೆಯದೆ ಹಾಳೆಯ ಬಳಿ ಹೋಗಿ 'ಅಡುಗೆ' ಎಂಬ ಸಾಲಿನ ಮೇಲೆ ಬೆರಳಿಟ್ಟಳು. ನಾನೇ ಕಾಫಿ ಮಾಡಿದೆ. ಬೆರಳು 'ನಡಿಗೆ'ಗೆ ಇಳಿಯಿತು. ಪಾವಗಡ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಹೋಗಿಬಂದೆ. ಬಂದು ಸಿಟ್ಟಿನಿಂದ, "ಏನೇ ಇದು, ಮಾತಾದ್ರೂ ಆಡು" ಎಂದೆ. ಬೆರಳು 'ಕೋಪ'ದ ಮೇಲೆ ಒಂದು ಕ್ಷಣ ನಿಂತು, ಅಲ್ಲಿಂದ ಕೊನೆಯ ಸಾಲಿಗೆ ಜಾರಿತು. 'ಮಿತಭಾಷಿಯಾಗಿರಬೇಕು.'

ಮೊದಲ ದಿನ ಹಾಯೆನಿಸಿತು ಎಂದರೆ ಸುಳ್ಳಲ್ಲ. ಪೇಪರನ್ನು ಕೊನೆಯ ಪುಟದವರೆಗೆ ಓದಿದೆ. ಎರಡನೆಯ ದಿನ ನಲ್ಲಿಯಲ್ಲಿ ನೀರು ಬಂದು ಹೋದದ್ದು ಗೊತ್ತಾಗಲಿಲ್ಲ. ಪಕ್ಕದ ಮನೆಯ ನಾಯಿ ಮರಿ ಹಾಕಿದ್ದನ್ನು ಬೀದಿಯವರಿಂದ ಕೇಳಿ ತಿಳಿಯಬೇಕಾಯಿತು. ಮೂರನೆಯ ದಿನ ಮಾತ್ರೆ ನುಂಗುವುದನ್ನು ಮರೆತೆ, ನೆನಪಿಸುವವರಿರಲಿಲ್ಲ. ಇಪ್ಪತ್ತಾರು ವರ್ಷ ನಾನು 'ಹೂಂ' ಎನ್ನುತ್ತಾ ಕೇಳಿಸಿಕೊಳ್ಳದೆ ಬಿಟ್ಟ ಮಾತಿನ ಮೇಲೆಯೇ ಈ ಮನೆ ನಡೆಯುತ್ತಿತ್ತೆಂದು ಆಗ ಅರಿವಾಯಿತು. ಎದುರಿಗೆ ಓಡಾಡುವವಳು ಇದ್ದೂ ಮನೆ ಬಿಕೋ ಎನ್ನುತ್ತಿತ್ತು. ನನಗೆ ನಿಜಕ್ಕೂ ಭಯವಾಯಿತು.

ಕಾಲೇಜಿನಿಂದ ಬೇಗ ಬಂದು ಕಂಪ್ಯೂಟರ್ ಮುಂದೆ ಕೂತೆ. ಅಟ್ಟದ ಮೇಲಿದ್ದ ನನ್ನ ವಿವರವನ್ನು ಕೆಳಗಿಳಿಸಿದೆ. ವಯಸ್ಸು: ಐವತ್ತಮೂರು. ಅಡುಗೆ: ಕಾಫಿ ಮಾತ್ರ, ಅದೂ ಈ ವಾರದಿಂದ. ನಡಿಗೆ: ಹೇಳಿದರೆ ಮಾತ್ರ. ಕೋಪ: ಇದೆ. ನಿರೀಕ್ಷೆ: ಹುಡುಗಿ ಮೊದಲಿನ ಹಾಗೆಯೇ ಮಾತಾಡುತ್ತಿರಬೇಕು, ಕೇಳಿಸಿಕೊಳ್ಳುತ್ತೇನೆ. ಹಸಿರು ಗುಂಡಿ ಒತ್ತಿ, ಫೈಲು ಇಳಿಸಿ, ಪ್ರಿಂಟು ತೆಗೆದೆ. ದೇವರ ಗೂಡಿನಿಂದ ಅರಿಶಿನ ತಂದು ನಾಲ್ಕೂ ಮೂಲೆಗೆ ಹಚ್ಚಿ, ಒಲೆಯ ಪಕ್ಕ ಇಟ್ಟು, ನಡುಮನೆಯಲ್ಲಿ ಹೆಣ್ಣಿನ ಕಡೆಯವರ ಉತ್ತರಕ್ಕೆ ಕಾಯುವ ವರನ ಹಾಗೆ ಕೈಕಟ್ಟಿ ಕೂತೆ.

ಸರೋಜ ಬಂದು ಹಾಳೆ ಕೈಗೆತ್ತಿಕೊಂಡಳು. ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದಳು. ಕೊನೆಯ ಸಾಲು ಮುಟ್ಟಿದ ಬೆರಳು ಮತ್ತೆ ಮೇಲಿನ ಸಾಲಿಗೆ ಹೋಯಿತು. ಮೂರು ದಿನದ ಮೇಲೆ ಅವಳ ಬಾಯಿಂದ ಮಾತು ಹೊರಟಿತು.

"ಎತ್ತರ ಇನ್ನೂ ಐದಡಿ ಎಂಟಿಂಚೇ ಐತಲ್ರೀ?"